ಅಮೆರಿಕದ ಕುಕ್ಕರ್, ಯಲಹಂಕದ ಕರೆಂಟು

ವಿಮಾನ ನಿಲ್ದಾಣ ಹತ್ತಿರವಿರುವುದಕ್ಕೋ ಏನೋ, ನಮ್ಮ ಯಲಹಂಕದಲ್ಲಿ ಬೀದಿಗೊಂದಾದರೂ ‘ಅಮೆರಿಕದ ಮನೆ’ ಸಿಗುತ್ತದೆ. ಮಗನೋ ಮಗಳೋ ಅಲ್ಲಿರುತ್ತಾರೆ. ರಜೆಗೆ ಬರುವಾಗ ಚಾಕೊಲೇಟ್ ಜೊತೆ ಕಾಫಿ ಮೇಕರ್, ಹೇರ್ ಡ್ರೈಯರ್ ಇತ್ಯಾದಿ ತರುತ್ತಾರೆ. ಎಲೆಕ್ಟ್ರಿಕಲ್ ಬಿಇ ಓದುವ ಹುಡುಗ ಪಕ್ಕದಲ್ಲೇ ಇದ್ದರೆ ಕೇಳಬೇಕೆ? ಎಲ್ಲವೂ ಅವನ ಮುಂದೆ ಬಂದು ಕೂರುತ್ತವೆ.

ಕಳೆದ ತಿಂಗಳು ಎದುರು ಮನೆ ಆಂಟಿ ಕರೆದದ್ದು ರೈಸ್ ಕುಕ್ಕರ್ ನೋಡಲು. ಅವರಿಗೆ ಮಂಡಿ ನೋವು, ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದು. ಅದಕ್ಕೆಂದೇ ಮಗಳು ಡಲ್ಲಾಸ್‌ನಿಂದ ಹೊತ್ತು ತಂದು ಕೊಟ್ಟು ಹೋಗಿದ್ದಳು. ಪಿನ್ ಕೂರುವುದಿಲ್ಲವೆಂದು ಅಂಕಲ್ ಅಡಾಪ್ಟರ್ ಕೂಡ ತಂದಿದ್ದರು. ಸ್ವಿಚ್ ಒತ್ತುವುದೊಂದೇ ಬಾಕಿ.

ಕುಕ್ಕರಿನ ತಳ ತಿರುಗಿಸಿ ಓದಿದೆ: 120 ವೋಲ್ಟ್, 60 ಹರ್ಟ್ಸ್, 500 ವ್ಯಾಟ್. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. ವೋಲ್ಟೇಜ್ ಹೆಚ್ಚುಕಡಿಮೆ ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟು ಎಂದು ಅನೇಕರ ಲೆಕ್ಕ. ಅಲ್ಲ, ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಈ 500 ವ್ಯಾಟಿನ ಕಾಯಿಲ್ ಇಲ್ಲಿ ಸುಮಾರು 1,840 ವ್ಯಾಟ್ ಎಳೆಯುತ್ತದೆ, ಅಂದರೆ ಎಂಟು ಆಂಪಿಯರ್. ಅಡುಗೆಮನೆಯ ಸಣ್ಣ ಸಾಕೆಟ್ ತಡೆಯುವುದೇ ಆರು. ಒಳಗಿನ ಥರ್ಮಲ್ ಫ್ಯೂಸ್ ಸುಟ್ಟು ಅಲ್ಲಿಗೇ ನಿಂತರೆ ಪುಣ್ಯ.

ವಿಡಿಯೊ ಕಾಲ್‌ನಲ್ಲಿ ಅಕ್ಕ, “ನನ್ನ ಲ್ಯಾಪ್‌ಟಾಪ್ ಚಾರ್ಜರ್ ಅಲ್ಲಿ ಚೆನ್ನಾಗೇ ಕೆಲಸ ಮಾಡ್ತಲ್ಲೋ?” ಎಂದರು. ನ್ಯಾಯವಾದ ಪ್ರಶ್ನೆ. ಚಾರ್ಜರ್ ಮೇಲೆ ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿರುತ್ತದೆ. ಅದು ಬಂದ ಎಸಿಯನ್ನು ಮೊದಲು ಡಿಸಿ ಮಾಡಿಕೊಂಡು, ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತಾ ತನಗೆ ಬೇಕಾದ ವೋಲ್ಟೇಜ್ ತಯಾರಿಸಿಕೊಳ್ಳುತ್ತದೆ. ಕಾಯಿಲ್‌ಗೆ ಆ ಬುದ್ಧಿಯಿಲ್ಲ, ಕೊಟ್ಟಷ್ಟನ್ನೂ ನುಂಗುತ್ತದೆ.

ಎಸ್‌.ಪಿ. ರಸ್ತೆಯಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಈ ಕುಕ್ಕರಿಗೆ 750 ವಿಎ ಆದರೂ ಬೇಕು. ಕಬ್ಬಿಣ, ತಾಮ್ರದ ಆ ಭಾರವನ್ನು ಮಂಡಿ ನೋವಿನವರು ಎತ್ತಿಡುವುದುಂಟೆ? 1,500 ವ್ಯಾಟಿನ ಹೇರ್ ಡ್ರೈಯರ್‌ಗಂತೂ ಆ ಗೋಜೇ ಬೇಡ, ಇಲ್ಲೇ ಹೊಸದು ಕೊಳ್ಳುವುದು ಜಾಣತನ. ಟ್ರಾನ್ಸ್‌ಫಾರ್ಮರ್ ಇಟ್ಟರೂ ಹರ್ಟ್ಸ್ ಬದಲಾಗದು. ಕರೆಂಟಿನ ಹರ್ಟ್ಸ್ ಎಣಿಸಿ ಹೊತ್ತು ತೋರಿಸುವ ಅಲ್ಲಿನ ಓವನ್ ಗಡಿಯಾರ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. (ಜಪಾನಿನ ಕಥೆ ಇನ್ನೂ ಮಜಾ: ಟೋಕಿಯೊದಲ್ಲಿ 50 ಹರ್ಟ್ಸ್, ಒಸಾಕಾದಲ್ಲಿ 60. ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬರು ಜರ್ಮನಿಯ, ಇನ್ನೊಬ್ಬರು ಅಮೆರಿಕದ ಜನರೇಟರ್ ಕೊಂಡ ಫಲ!)

ಆಂಟಿಗೆ ಕುಕ್ಕರಿಗಿಂತ ಮಗಳು ಬೇಜಾರಾದಾಳೆಂಬ ಚಿಂತೆ. “ಅಷ್ಟು ದೂರದಿಂದ ಹೊತ್ಕೊಂಡ್ ಬಂದಿದ್ಳು ಕಣೋ” ಎಂದು ಎರಡು ಸಲ ಹೇಳಿದರು. ಕೊನೆಗೆ ಅದು ಅಟ್ಟ ಸೇರಿತು, ಮುಂದಿನ ಸಲ ಅಕ್ಕನ ಜೊತೆ ವಾಪಸ್ ಹೋಗಲಿದೆ. ಅದರ ಬದಲು ಇಲ್ಲಿನ ಅಂಗಡಿಯಿಂದಲೇ 230 ವೋಲ್ಟಿನದು ಬಂತು.

ಮೊನ್ನೆ ಆಂಟಿ ಮತ್ತೆ ಕರೆದರು. ಚಟ್ನಿಗೆಂದು ಮಗಳಿಗೆ ಇಲ್ಲಿಂದ ಮಿಕ್ಸಿ ಕಳಿಸಬೇಕಂತೆ. ನಮ್ಮ ಮಿಕ್ಸಿ ಅಲ್ಲಿ ಸುಡುವುದಿಲ್ಲ, ಆದರೆ ತೆಂಗಿನಕಾಯಿ ರುಬ್ಬುವಷ್ಟು ಬಲವೂ ಬರುವುದಿಲ್ಲ. ಪ್ರೀತಿಯಂಥ ಕಂಪನಿಗಳು ಅಮೆರಿಕಕ್ಕೆಂದೇ 110 ವೋಲ್ಟಿನ ಮಿಕ್ಸಿ ಮಾಡುತ್ತವೆ ಎಂದೆ. “ಹಾಗಾದ್ರೆ ತಳ ನೋಡಿಯೇ ತಗೋಬೇಕು” ಎನ್ನುತ್ತಾ ಆಂಟಿ ಕನ್ನಡಕ ಹುಡುಕಿದರು.