ಮಕ್ಕಳ ಕೋಟೆ ಯಾಕೆ ಬೀಳುತ್ತದೆ?

ಭಟ್ಕಳದ ಪಕ್ಕದ ಜಾಲಿ ಕಡಲತೀರಕ್ಕೆ ಸಂಜೆ ಹೊತ್ತು ಹೋದವರಿಗೆ ಈ ನೋಟ ಹೊಸದಲ್ಲ. ನಾಲ್ಕೈದು ವರ್ಷದ ಮಗುವೊಂದು ಒದ್ದೆ ಮರಳಿನಲ್ಲಿ ಕಾಲು ಚಾಚಿ ಕೂತಿರುತ್ತದೆ. ಒಂದು ಪಾದದ ಮೇಲೆ ಮರಳು ಪೇರಿಸುತ್ತದೆ, ಅಂಗೈಯಿಂದ ತಟ್ಟುತ್ತದೆ, ಮತ್ತೆ ಪೇರಿಸಿ ಮತ್ತೆ ತಟ್ಟುತ್ತದೆ. ಆಮೇಲೆ ಉಸಿರು ಬಿಗಿಹಿಡಿದು ಪಾದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಪುಟ್ಟ ಗುಹೆ, ಮೇಲೆ ಮರಳಿನ ಛಾವಣಿ. ಗುಬ್ಬಿಗೂಡು ಸಿದ್ಧ! ಅದರ ಸುತ್ತ ಗೋಡೆ ಎದ್ದರೆ, ಗೋಡೆಯ ಹೊರಗೆ ಕಂದಕ ತೋಡಿದರೆ ಅದೇ ಕೋಟೆ. ಅಷ್ಟರಲ್ಲಿ ಒಂದು ಮೂಲೆ ಕುಸಿಯುತ್ತದೆ. ಮಗು ಒಂದು ಕ್ಷಣ ಅದನ್ನೇ ನೋಡುತ್ತದೆ, ಮತ್ತೆ ಮರಳಿಗೆ ಕೈ ಹಾಕುತ್ತದೆ.

ಆ ಒಂದು ಕ್ಷಣದ ನೋಟದ ಬಗ್ಗೆಯೇ ಈ ಲೇಖನ. ಈಗ ಪೇಟೆಯಲ್ಲಿ ಮಕ್ಕಳಿಗಾಗಿ ಕೋಟೆ ಕಟ್ಟುವ ಕಿಟ್‌ಗಳು ಸಿಗುತ್ತವೆ. ಪೆಟ್ಟಿಗೆಯಲ್ಲಿ ಹಲವು ಕಡ್ಡಿಗಳು, ತೂತಿರುವ ಪ್ಲಾಸ್ಟಿಕ್ ಉಂಡೆಗಳು. ಕಡ್ಡಿಯನ್ನು ಉಂಡೆಗೆ ಸಿಕ್ಕಿಸಿ ಚೌಕಟ್ಟು ನಿಲ್ಲಿಸಿ, ಮೇಲೆ ಹಾಸಿಗೆಯ ಚಾದರ ಹೊದಿಸಿದರೆ ಮನೆಯೊಳಗೇ ಕೋಟೆ. ಜಾಲಿಯ ಮರಳಾಗಲಿ, ಪೇಟೆಯ ಕಿಟ್ ಆಗಲಿ, ಮಗುವಿಗೆ ಕಲಿಸುವ ಗುರು ಒಬ್ಬನೇ: ಕೋಟೆಯ ಕುಸಿತ. ಅದು ಯಾಕೆ ಬೀಳುತ್ತದೆಂದು ತಿಳಿದರೆ ಮಗುವಿನ ಆಟವನ್ನು ನಾವು ಬೇರೆಯೇ ಕಣ್ಣಿನಿಂದ ನೋಡುತ್ತೇವೆ.

ಮರಳಿಗೆ ನೀರೇ ಅಂಟು

ಒಣ ಮರಳನ್ನು ರಾಶಿ ಹಾಕಿ ನೋಡಿ. ಅದರ ಇಳಿಜಾರು ಹೆಚ್ಚೆಂದರೆ ಸುಮಾರು 30ರಿಂದ 35 ಡಿಗ್ರಿಗೆ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿಸಲು ಹೊರಟರೆ ಕಣಗಳು ಜಾರಿಬಿಡುತ್ತವೆ. ಒಣ ಕಣಗಳ ನಡುವೆ ಇರುವುದು ಬರೀ ತಿಕ್ಕಾಟ, ಅಂಟಲ್ಲ. ಒಂದಿಷ್ಟು ನೀರು ಬಿದ್ದೊಡನೆ ಕಥೆ ಬದಲಾಗುತ್ತದೆ. ಎರಡು ಕಣ ಮುಟ್ಟುವ ಜಾಗದಲ್ಲಿ ನೀರು ಒಂದು ಸಣ್ಣ ಸೇತುವೆಯಂತೆ ನಿಲ್ಲುತ್ತದೆ. ನೀರಿನ ಮೇಲ್ಮೈ ಸದಾ ಕುಗ್ಗಲು ನೋಡುವುದರಿಂದ ಆ ಸೇತುವೆ ಎರಡೂ ಕಣಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಲಕ್ಷಾಂತರ ಇಂಥ ಸೇತುವೆಗಳು ಸೇರಿ ಹಿಡಿದುಕೊಂಡದ್ದರಿಂದಲೇ ಗುಬ್ಬಿಗೂಡಿನ ಛಾವಣಿ ನಿಂತಿರುವುದು.

ಹಾಗಾದರೆ ಎಷ್ಟು ನೀರು ಬೇಕು? ಆಮ್‌ಸ್ಟರ್‌ಡ್ಯಾಮಿನ ಡೇನಿಯಲ್ ಬಾನ್ ಮತ್ತು ಸಂಗಡಿಗರು ಇದನ್ನು ಅಳೆದು 2012ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅತಿ ಗಟ್ಟಿ ಮರಳಿಗೆ ಬೇಕಾದ ನೀರು ಗಾತ್ರದ ಲೆಕ್ಕದಲ್ಲಿ ಶೇಕಡಾ 1ರಷ್ಟು ಮಾತ್ರ! ನೀರು ಮಿತಿಮೀರಿದರೆ ಕಣಗಳ ನಡುವಿನ ಗಾಳಿಯ ಜಾಗವೆಲ್ಲ ತುಂಬಿಹೋಗುತ್ತದೆ. ಗಾಳಿ ಮತ್ತು ನೀರು ಸಂಧಿಸುವ ಮೇಲ್ಮೈಯೇ ಇಲ್ಲವಾದಾಗ ಸೆಳೆಯುವ ಬಲವೂ ಹೋಗುತ್ತದೆ. ಮರಳು ಅಂಬಲಿಯಂತೆ ಹರಿಯುತ್ತದೆ. ಅಲೆ ಬಂದು ತಾಗಿದ ಕೋಟೆ ಬುಡದಿಂದ ಕರಗುವುದು ಹೀಗೆ. ಇನ್ನು ಮಗು ಅಂಗೈಯಿಂದ ತಟ್ಟುವುದೂ ಸುಮ್ಮನೆ ಅಲ್ಲ. ತಟ್ಟಿದಾಗ ಕಣಗಳು ಒತ್ತಾಗಿ ಕೂರುತ್ತವೆ, ಕಣ ಕಣವನ್ನು ಮುಟ್ಟುವ ಜಾಗ ಹೆಚ್ಚುತ್ತದೆ, ಸೇತುವೆಗಳೂ ಹೆಚ್ಚುತ್ತವೆ.

ಅದೇ ಅಧ್ಯಯನ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ. ಮರಳಿನ ಕಂಬವನ್ನು ಇಮ್ಮಡಿ ದಪ್ಪ ಮಾಡಿದರೆ ಎತ್ತರ ಇಮ್ಮಡಿಯಾಗುವುದಿಲ್ಲ, ಸುಮಾರು 1.6 ಪಟ್ಟು ಮಾತ್ರ ಏರುತ್ತದೆ. ಇಮ್ಮಡಿ ಎತ್ತರ ಬೇಕಿದ್ದರೆ ದಪ್ಪವನ್ನು ಸುಮಾರು 2.8 ಪಟ್ಟು ಮಾಡಬೇಕು. ಅಗಲ ಬುಡದ ಕೋಟೆ ಹೆಚ್ಚು ಎತ್ತರ ಹೋಗುತ್ತದೆಂದು ಮಗು ಸೂತ್ರವಿಲ್ಲದೆಯೇ ಕಂಡುಕೊಳ್ಳುತ್ತದೆ. ಎರಡು ಸಲ ಬಿದ್ದ ಗೋಪುರವನ್ನು ಮೂರನೆಯ ಸಲ ಅದು ಅಗಲವಾಗಿ ಶುರುಮಾಡುವುದನ್ನು ನೀವೇ ಗಮನಿಸಿ ನೋಡಿ.

ಚೌಕ ಓಲಾಡುತ್ತದೆ, ತ್ರಿಕೋನ ನಿಲ್ಲುತ್ತದೆ

ಮರಳು ಮತ್ತು ಕಲ್ಲು ಒತ್ತಿದರೆ ತಡೆದುಕೊಳ್ಳುತ್ತವೆ, ಎಳೆದರೆ ಬಿಟ್ಟುಕೊಡುತ್ತವೆ. ಕಡ್ಡಿಗಳ ಜಗತ್ತು ಬೇರೆ. ಕಡ್ಡಿ ಒತ್ತುವುದನ್ನೂ ತಾಳುತ್ತದೆ, ಎಳೆತವನ್ನೂ ತಾಳುತ್ತದೆ. ಅದರ ತೊಂದರೆ ಇರುವುದು ಗಂಟಿನಲ್ಲಿ. ನಾಲ್ಕು ಕಡ್ಡಿ ಜೋಡಿಸಿ ಚೌಕ ಮಾಡಿ, ಒಂದು ಮೂಲೆಯನ್ನು ಬೆರಳಿನಿಂದ ತಳ್ಳಿ. ಚೌಕ ಓರೆಯಾಗಿ ಮಲಗುತ್ತದೆ. ಕಡ್ಡಿ ಯಾವುದೂ ಮುರಿದಿಲ್ಲ, ಬಾಗಿಲ್ಲ, ಮೂಲೆಯ ಕೋನ ಮಾತ್ರ ಬದಲಾಗಿದೆ. ಮೂರು ಕಡ್ಡಿಯ ತ್ರಿಕೋನಕ್ಕೆ ಹಾಗೆ ಮಾಡಲಾಗದು. ಮೂರು ಬದಿಯ ಉದ್ದ ನಿಗದಿಯಾದರೆ ಮೂರೂ ಕೋನಗಳು ತಾವಾಗಿಯೇ ನಿಗದಿಯಾಗುತ್ತವೆ. ಕಡ್ಡಿ ಮುರಿಯದೆ ತ್ರಿಕೋನ ಆಕಾರ ಬಿಡುವುದಿಲ್ಲ.

ಇದನ್ನು 1864ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಸರಳ ಎಣಿಕೆಗೆ ಇಳಿಸಿದರು. ಗಂಟುಗಳ ಸಂಖ್ಯೆಯನ್ನು 3ರಿಂದ ಗುಣಿಸಿ, 6 ಕಳೆಯಿರಿ. ಸಡಿಲ ಗಂಟುಗಳ ಚೌಕಟ್ಟು ಅಲುಗದೆ ನಿಲ್ಲಲು ಕನಿಷ್ಠ ಅಷ್ಟು ಕಡ್ಡಿಗಳು, ತಕ್ಕ ಜಾಗದಲ್ಲಿ, ಇರಲೇಬೇಕು. ಘನಾಕೃತಿಯ ಪೆಟ್ಟಿಗೆಗೆ 8 ಗಂಟು. ಎಂಟು ಮೂರಲೆ 24, ಅದರಲ್ಲಿ 6 ಕಳೆದರೆ 18. ಆದರೆ ಅದರ ಅಂಚುಗಳು 12 ಮಾತ್ರ, ಅಂದರೆ 6 ಕಡ್ಡಿ ಕೊರತೆ. ಪೆಟ್ಟಿಗೆಗೆ ಮುಖಗಳೂ ಆರೇ! ಪ್ರತಿ ಮುಖಕ್ಕೆ ಮೂಲೆಯಿಂದ ಮೂಲೆಗೆ ಒಂದು ಓರೆ ಕಡ್ಡಿ ಹಾಕಿದರೆ ಲೆಕ್ಕ ಸರಿಹೋಗಿ ಪೆಟ್ಟಿಗೆ ಗಟ್ಟಿಯಾಗುತ್ತದೆ. ಪೇಟೆಯ ಕಿಟ್‌ನ ಉಂಡೆಯ ತೂತು ಕಡ್ಡಿಯನ್ನು ಬಿಗಿಯಾಗಿ ಹಿಡಿದು ಈ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತದೆ. ಆದರೆ ಕಡ್ಡಿ ಉದ್ದವಾದಷ್ಟೂ ಅದರ ತುದಿಯಲ್ಲಿ ತಳ್ಳಿದ ಬಲ ಗಂಟನ್ನು ಹೆಚ್ಚು ತಿರುಚುತ್ತದೆ. ಎತ್ತರದ ಕೋಟೆಗೆ ಚಾದರ ಹೊದಿಸಿದೊಡನೆ ಅದು ಒಂದು ಕಡೆ ವಾಲುವುದು ಇದಕ್ಕೇ.

ನಮ್ಮ ಕರಾವಳಿಯಲ್ಲಿ ಚಪ್ಪರ ಹಾಕುವವರಿಗೆ ಈ ವಿಷಯ ಕೈಯಲ್ಲೇ ಇದೆ. ನಾಲ್ಕು ಮೂಲೆಗೆ ಕಂಬ ನೆಟ್ಟು, ಮೇಲೆ ಅಡ್ಡಗಳ ಕಟ್ಟಿದ ಮೇಲೆ ಮೂಲೆಯಲ್ಲಿ ಓರೆಯಾಗಿ ಇನ್ನೊಂದು ಗಳವನ್ನು ಬಿಗಿಯುತ್ತಾರೆ. ಹಂಚಿನ ಮನೆಯ ಮಾಡನ್ನು ಒಳಗಿನಿಂದ ಕತ್ತೆತ್ತಿ ನೋಡಿದರೂ ಕಾಣುವುದು ತ್ರಿಕೋನವೇ. ಮಗು ಎರಡು ಬಾರಿ ವಾಲಿದ ಕೋಟೆಗೆ ತಾನಾಗಿ ಒಂದು ಓರೆ ಕಡ್ಡಿ ಸಿಕ್ಕಿಸಿದ ದಿನ ಅದು ಚಪ್ಪರದವರ ವಿದ್ಯೆಗೂ ಮ್ಯಾಕ್ಸ್‌ವೆಲ್ಲರ ಲೆಕ್ಕಕ್ಕೂ ಒಟ್ಟಿಗೇ ಕೈ ತಾಗಿಸಿರುತ್ತದೆ.

ನೆನೆಸಿದ ಬಟಾಣಿ, ಸೈಕಲ್ ವಾಲ್ವ್ ಟ್ಯೂಬು

ಕಡ್ಡಿ ಮತ್ತು ಗಂಟಿನ ಈ ಆಟ ಹೊಸದಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಶುರುಮಾಡಿದ ಕೇಂದ್ರವೇ ಮುಂದೆ 'ಕಿಂಡರ್‌ಗಾರ್ಟನ್' ಎಂದು ಹೆಸರಾಯಿತು. ಅವರು ರೂಪಿಸಿದ ಆಟದ ಸಾಮಗ್ರಿಗಳಲ್ಲಿ ಮರದ ಚೆಂಡು, ಘನಗಳ ಜೊತೆಗೆ ನೆನೆಸಿದ ಬಟಾಣಿಗೆ ಸಣ್ಣ ಕಡ್ಡಿ ಚುಚ್ಚಿ ಆಕಾರ ಕಟ್ಟುವ ಕೆಲಸವೂ ಇತ್ತು. 1899ರಲ್ಲಿ ಅಮೆರಿಕದ ಒಂದು ಕಿಂಡರ್‌ಗಾರ್ಟನ್‌ನಲ್ಲಿ ಕಣ್ಣು ಸರಿಯಾಗಿ ಕಾಣದ ಬಾಲಕನೊಬ್ಬನಿಗೆ ಇದೇ ಕಡ್ಡಿ ಬಟಾಣಿ ಕೊಟ್ಟರು. ಉಳಿದ ಮಕ್ಕಳು ಕಂಡ ಮನೆಗಳಂತೆ ಚೌಕ ಚೌಕವಾಗಿ ಕಟ್ಟಿದರು. ಈತ ಕೈಗೆ ಯಾವುದು ಗಟ್ಟಿ ಅನ್ನಿಸಿತೋ ಅದನ್ನು ನಂಬಿ ತ್ರಿಕೋನಗಳನ್ನೇ ಜೋಡಿಸುತ್ತ ಹೋದ. ಆ ಬಾಲಕ ಬಕ್‌ಮಿನ್‌ಸ್ಟರ್ ಫುಲ್ಲರ್. ತ್ರಿಕೋನಗಳಿಂದ ಹೆಣೆದ ಗುಮ್ಮಟಗಳಿಂದ ಅವರು ಮುಂದೆ ಜಗತ್ಪ್ರಸಿದ್ಧರಾದರು. 1985ರಲ್ಲಿ ವಿಜ್ಞಾನಿಗಳು ಇಂಗಾಲದ 60 ಪರಮಾಣುಗಳ ಚೆಂಡಿನಾಕಾರದ ಅಣುವನ್ನು ಕಂಡಾಗ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಆ ಶೋಧಕ್ಕೆ 1996ರ ರಸಾಯನವಿಜ್ಞಾನದ ನೊಬೆಲ್ ಬಂತು.

ನಮ್ಮ ದೇಶದಲ್ಲಿ ಈ ಆಟವನ್ನು ಬಡ ಮಗುವಿನ ಕೈಗೂ ಎಟುಕಿಸಿದವರು ಅರವಿಂದ ಗುಪ್ತ. ಕಾನ್ಪುರದ ಐಐಟಿಯಿಂದ 1975ರಲ್ಲಿ ಎಂಜಿನಿಯರಾಗಿ ಹೊರಬಂದ ಅವರು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಲಿಕೆ ಕಾರ್ಯಕ್ರಮದಲ್ಲಿದ್ದಾಗ ಕಂಡುಕೊಂಡ ಸಾಮಗ್ರಿ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು. ಟ್ಯೂಬಿನ ಚಿಕ್ಕ ತುಂಡಿನ ಎರಡು ಬಾಯಿಗೆ ಎರಡು ಕಡ್ಡಿ ಸಿಕ್ಕಿಸಿದರೆ ಅದೇ ಗಂಟು. ನಡುವೆ ಚುಚ್ಚಿದರೆ ಮೂರನೆಯ ಕಡ್ಡಿಗೂ ಜಾಗ. ಸೈಕಲ್ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತಿದ್ದ ರಬ್ಬರಿನಿಂದ ಸಾವಿರಾರು ಶಾಲಾಮಕ್ಕಳು ಮನೆ, ಸೇತುವೆ, ಗೋಪುರ ಕಟ್ಟಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಜಾಲಿಯಲ್ಲಿರಲಿ ಹೊನ್ನಾವರದಲ್ಲಿರಲಿ, ಇಂಥ ಕಿಟ್ ನಮ್ಮ ಹಿತ್ತಲಲ್ಲೇ ಇದೆ. ತೆಂಗಿನ ಗರಿಯಿಂದ ಬಿಡಿಸಿದ ಕಡ್ಡಿಯನ್ನು ಗೇಣುದ್ದಕ್ಕೆ ಸಮನಾಗಿ ಕತ್ತರಿಸಿ. ಒಣ ಬಟಾಣಿಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಸಿದು ಬಟ್ಟೆಯ ಮೇಲೆ ಹರಡಿ. ಕಡ್ಡಿಯ ತುದಿ ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಒಂದೆರಡು ದಿನದಲ್ಲಿ ಕಾಳು ಒಣಗಿ ಕುಗ್ಗಿ ಕಡ್ಡಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮೊದಲು ಒಂದು ಪೆಟ್ಟಿಗೆ ಕಟ್ಟಿ, ಪಕ್ಕದಲ್ಲಿ ಆರೇ ಕಡ್ಡಿಯ ತ್ರಿಕೋನ ಗೋಪುರ ಕಟ್ಟಿ. ಎರಡನ್ನೂ ಬೆರಳಿನಿಂದ ತಳ್ಳಿ ನೋಡಿದ ಮಗುವಿಗೆ ಬೇರೆ ವಿವರಣೆ ಬೇಡ.

ಒಳಗೆ, ಹೊರಗೆ

ಮಕ್ಕಳಿಗೆ ಕೋಟೆಯೇ ಯಾಕೆ ಬೇಕು? ಹ್ಯಾರಿಯೆಟ್ ಜಾನ್ಸನ್ ಎಂಬ ಶಿಕ್ಷಕಿ ನ್ಯೂಯಾರ್ಕಿನ ಶಿಶುಶಾಲೆಯಲ್ಲಿ ಮಕ್ಕಳ ಮರದ ದಿಮ್ಮಿಯಾಟವನ್ನು ವರ್ಷಗಟ್ಟಲೆ ನೋಡಿ 1933ರಲ್ಲಿ ಅದರ ಹಂತಗಳನ್ನು ಬರೆದಿಟ್ಟರು. ಮಗು ಮೊದಲು ದಿಮ್ಮಿಗಳನ್ನು ಬರೀ ಹೊತ್ತು ತಿರುಗುತ್ತದೆ. ಆಮೇಲೆ ಸಾಲಾಗಿ ಇಡುತ್ತದೆ, ಒಂದರ ಮೇಲೊಂದು ಪೇರಿಸುತ್ತದೆ. ಮುಂದೆ ಎರಡರ ಮೇಲೆ ಒಂದನ್ನು ಅಡ್ಡವಿಟ್ಟು ಸೇತುವೆ ಮಾಡುತ್ತದೆ. ಅದರ ನಂತರ ಸುತ್ತಲೂ ಇಟ್ಟು ಒಂದು ಜಾಗವನ್ನು ಮುಚ್ಚುತ್ತದೆ. 'ಒಳಗೆ', 'ಹೊರಗೆ' ಎಂಬುದನ್ನು ಮಗು ತನ್ನ ಕೈಯಾರೆ ಕಟ್ಟುವ ಹಂತ ಇದು. ಇಂಗ್ಲೆಂಡಿನ ಡೆವನ್ ಮತ್ತು ಕೆರಿಬಿಯನ್ ಕಡಲಿನ ಕ್ಯಾರಿಯಕೂ ದ್ವೀಪದಲ್ಲಿ ಮಕ್ಕಳ ಗುಟ್ಟಿನ ತಾಣಗಳನ್ನು ಅಭ್ಯಸಿಸಿದ ಡೇವಿಡ್ ಸೊಬೆಲ್ ಎರಡೂ ಕಡೆ ಕಂಡದ್ದು ಒಂದೇ: ತಾವೇ ಕಟ್ಟಿದ, ತಮ್ಮದೇ ಆದ, ದೊಡ್ಡವರ ಕಣ್ಣಿಗೆ ಬೀಳದ ಜಾಗದ ಹಂಬಲ.

ನಮ್ಮಲ್ಲಿ ಈ ಹಂಬಲ ಹಬ್ಬವೂ ಆಗಿದೆ. ಬೆಳಗಾವಿಯ ಗಲ್ಲಿಗಳಲ್ಲಿ ದೀಪಾವಳಿ ಬಂತೆಂದರೆ ಮಕ್ಕಳು ಮಣ್ಣು, ಕಲ್ಲು, ಗೋಣಿ ಹೊತ್ತು ತಂದು ಕೋಟೆ ಕಟ್ಟುತ್ತಾರೆ. ಜಾಲಿಯ ಮಕ್ಕಳಿಗಂತೂ ನಿಜವಾದ ಕೋಟೆಯೇ ಹತ್ತಿರದಲ್ಲಿದೆ. ಹೆದ್ದಾರಿ 66ರಲ್ಲಿ ಹೊನ್ನಾವರ, ಕುಮಟಾ ದಾಟಿದರೆ ಅಘನಾಶಿನಿ ನದಿಯ ಸಮೀಪ ಮಿರ್ಜಾನ್ ಕೋಟೆ. 1552ರಿಂದ 1606ರವರೆಗೆ ಆಳಿದ, ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ ಅದು. ಕಟ್ಟಿದ್ದು ಚಿರೆಕಲ್ಲಿನಿಂದ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ. ಮಗುವನ್ನು ಅಲ್ಲಿಗೆ ಕರೆದೊಯ್ದಾಗ ಕಂದಕವನ್ನೂ ಗುಂಡನೆಯ ಕೊತ್ತಳವನ್ನೂ ಕಲ್ಲಿನ ಮೇಲೆ ಕಲ್ಲು ಒತ್ತಿ ಕೂತ ಬಗೆಯನ್ನೂ ತೋರಿಸಿ. ತನ್ನ ಮರಳಿನ ಕೋಟೆಯ ಗುರುತು ಅದಕ್ಕೆ ಅಲ್ಲಿ ಸಿಗುತ್ತದೆ.

ದೊಡ್ಡವರು ಮಾಡಬೇಕಾದ್ದು

ಅಮೆರಿಕದಲ್ಲಿ ಮೂರು ವರ್ಷದ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾದರಿ ನೋಡಿ ಬ್ಲಾಕ್ ಜೋಡಿಸುವುದರಲ್ಲಿ ಮುಂದಿದ್ದ ಮಕ್ಕಳು ಆರಂಭದ ಗಣಿತದಲ್ಲೂ ಮುಂದಿದ್ದರು. ಒಂದರಿಂದಲೇ ಇನ್ನೊಂದು ಬಂತು ಎಂದು ಇದರಿಂದ ಹೇಳಲಾಗದು, ಆದರೆ ನಂಟಂತೂ ಕಂಡಿದೆ. ಬ್ಲಾಕ್ ಕಟ್ಟುವಾಗ ತಂದೆತಾಯಿಯ ಬಾಯಲ್ಲಿ ಜಾಗವನ್ನು ಸೂಚಿಸುವ ಮಾತು ಹೆಚ್ಚುತ್ತದೆಂದು 2011ರ ಇನ್ನೊಂದು ಅಧ್ಯಯನ ತೋರಿಸಿತು. ಮೇಲೆ, ಕೆಳಗೆ, ನಡುವೆ, ಆಚೆ, ಓರೆ, ನೆಟ್ಟಗೆ: ಕೈ ಮಾಡುತ್ತಿರುವುದನ್ನೇ ಕಿವಿ ಕೇಳಿದಾಗ ಆ ಮಾತು ಮನಸ್ಸಿನಲ್ಲಿ ಕೂರುತ್ತದೆ. ಕೋಟೆ ಕಟ್ಟುವಾಗ ಪಕ್ಕದಲ್ಲಿ ಕೂತು ಮಗುವಿನ ಜೊತೆ ಮಾತಾಡಿ.

ಎಚ್ಚರಿಕೆಯೂ ಬೇಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬಟಾಣಿ, ಚೂಪು ಕಡ್ಡಿ, ಸಣ್ಣ ಉಂಡೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬೆಂಕಿಕಡ್ಡಿಯಾದರೆ ಮದ್ದಿನ ತುದಿ ತೆಗೆದೇ ಕೊಡಿ. ಅಂಗಡಿಯಿಂದ ಕಿಟ್ ತರುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ದೇಶದಲ್ಲಿ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ಕಡಲತೀರದಲ್ಲಿ ಮಗುವಿನ ಮೊಣಕಾಲಿಗಿಂತ ಆಳದ ಗುಂಡಿ, ಸುರಂಗ ತೋಡಲು ಬಿಡಬೇಡಿ. ಒಣಗಿದ ಮರಳು ಹೇಳದೆ ಕೇಳದೆ ಕುಸಿಯುತ್ತದೆ. ಮಳೆಗಾಲದ ಕಡಲಿನ ಹತ್ತಿರವಂತೂ ಸುಳಿಯಬೇಡಿ.

ಕಿಟ್ ಕೊಳ್ಳುವುದಾದರೆ ನನ್ನ ಅಳತೆಗೋಲು ಒಂದೇ. ಪೆಟ್ಟಿಗೆಯ ಮೇಲಿನ ಚಿತ್ರದಂತೆ ಒಂದೇ ಬಗೆಯ ಕೋಟೆಯಾಗುವ ಕಿಟ್ ಬೇಡ. ಬಿಡಿಭಾಗ ಎರಡೇ ಬಗೆಯದ್ದಿರಲಿ, ಜೋಡಿಸುವ ದಾರಿ ನೂರಿರಲಿ, ಬಿದ್ದರೆ ಐದು ನಿಮಿಷದಲ್ಲಿ ಮತ್ತೆ ಕಟ್ಟುವಂತಿರಲಿ. ಬಿದ್ದರೂ ನಷ್ಟವಿಲ್ಲ ಎಂದಾಗಲೇ ಮಗು ಹೊಸದನ್ನು ಮಾಡಿ ನೋಡುವ ಧೈರ್ಯ ಮಾಡುತ್ತದೆ.

ಈ ರಜೆಯಲ್ಲಿ ನಿಮ್ಮ ಮಗುವಿನ ಕೋಟೆ ವಾಲಿದರೆ ತಕ್ಷಣ ಕೈ ಹಾಕಿ ಎತ್ತಿ ನಿಲ್ಲಿಸಬೇಡಿ. ಸ್ವಲ್ಪ ತಡೆಯಿರಿ. "ಯಾಕೆ ಬಿತ್ತು ಮಗಾ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ರಾತ್ರಿ ಕಸ ಗುಡಿಸುವಾಗ ಅರ್ಧ ಕಟ್ಟಿದ ಕೋಟೆಯನ್ನು ಬಿಚ್ಚಿ ಪೆಟ್ಟಿಗೆಗೆ ತುಂಬದೆ ಹಾಗೇ ಬಿಡಿ. ಬೆಳಿಗ್ಗೆ ಎದ್ದ ಮಗು ಮೊದಲು ಓಡಿ ಬರುವುದು ಅಲ್ಲಿಗೇ.