ಕುದುರೆ ಹೋಯಿತು, ಮೆಣಸು ಉಳಿಯಿತು

ಭಟ್ಕಳ ಬಂದರಿಗೆ ಈಗ ಹೋದರೆ ಕಾಣುವುದು ಮೀನು ದೋಣಿ. ಐನೂರು ವರ್ಷದ ಹಿಂದೆ ಇಲ್ಲಿ ಇಳಿಯುತ್ತಿದ್ದದ್ದು ಅರಬ್ಬೀ ಕುದುರೆ! ಹೊರ್ಮುಜ್ ಕಡೆಯ ಹಡಗಿನಲ್ಲಿ ಬಂದವು ಘಟ್ಟ ಹತ್ತಿ ವಿಜಯನಗರದ ಲಾಯ ಸೇರುತ್ತಿದ್ದವು.

ಹಡಗೇನು ಖಾಲಿ ಮರಳುತ್ತಿತ್ತೇ? ಇಲ್ಲ. ಅಕ್ಕಿ, ಸಕ್ಕರೆ, ಕಬ್ಬಿಣ ಹೇರಿಕೊಂಡು ಹೋಗುತ್ತಿತ್ತೆಂದು ಪೋರ್ಚುಗೀಸ್ ಬರಹಗಾರ ಬಾರ್ಬೊಸಾ 1516ರ ಸುಮಾರಿಗೆ ಬರೆದಿಟ್ಟಿದ್ದಾನೆ. ಹೊನ್ನಾವರದಿಂದಲೂ ಅಕ್ಕಿ ಹೋಗುತ್ತಿತ್ತು. ಅರಸರ ಕುದುರೆಯ ಹಿಂದೆ ನಮ್ಮ ಗದ್ದೆಯ ಬೆವರೂ ಇತ್ತು ಅನ್ನಿ.

ಆದರೆ ಒಣನಾಡಿನ ಆ ಪ್ರಾಣಿಗೆ ನಮ್ಮ ಮಳೆ, ಮೇವು ಒಗ್ಗಲಿಲ್ಲ. ಇಲ್ಲೇ ತಳಿ ಬೆಳೆಸಲಾಗದೆ ವರ್ಷವರ್ಷವೂ ಹೊಸತು ಕೊಳ್ಳಬೇಕಾಯಿತು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಕುದುರೆ ಹಡಗುಗಳನ್ನು ಅವರು ಅತ್ತ ತಿರುಗಿಸಿದರು. ಭಟ್ಕಳದ ಕುದುರೆ ವ್ಯಾಪಾರ ಸೊರಗಿತು.

ಮೆಣಸು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದರ ಬಳ್ಳಿ ನಮ್ಮ ಮಣ್ಣಿನದು. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದರು. ಕುಮಟಾ ತಾಲೂಕಿನ ಮಿರ್ಜಾನ ಕೋಟೆಗೆ ಹೋದವರು ಈಗಲೂ ಅವಳ ಹೆಸರು ಕೇಳುತ್ತಾರೆ.

ಹಟ್ಟಿಯ ಲೆಕ್ಕವೂ ಹೀಗೇ. ನಮ್ಮ ಮಲೆನಾಡು ಗಿಡ್ಡ ಹಾಲು ಕೊಡುವುದು ಕಮ್ಮಿ, ನಿಜ. ಆದರೆ ಬೇಣ-ಬೆಟ್ಟ ಮೇದು, ಜಡಿಮಳೆಯಲ್ಲೂ ಬದುಕುತ್ತದೆ, ಮನೆಯಲ್ಲೇ ಕರು ಹಾಕುತ್ತದೆ. 2012ರಲ್ಲಿ ಅದು ದೇಶದ ಅಧಿಕೃತ ತಳಿಗಳ ಪಟ್ಟಿ ಸೇರಿದೆ. ಹೊರಗಿನ ತಳಿ ಬೇಕಾದರೆ ತನ್ನಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಊರಲ್ಲಿ ಒಂದಾದರೂ ಗಿಡ್ಡ ಹೋರಿ ಉಳಿದಿದೆಯೇ? ಇವತ್ತೇ ನೋಡಿ.