ಹುಚ್ಚುನಾಯಿ: ಪ್ರಯೋಗಾಲಯ ಹೇಳುವುದೇನು?

ನಾವು ಹುಚ್ಚುನಾಯಿ ಎನ್ನುವುದನ್ನು ಇಲ್ಲಿಯ ಮಲಯಾಳ ನೋಟೀಸು ಪೇಪ್ಪಟ್ಟಿ ಎನ್ನುತ್ತದೆ. ಕರ್ನೂಲು ಜಿಲ್ಲೆಯ ಸಿ. ಬೆಳಗಲ್, ಆದೋನಿ ಕಡೆಯ ಕನ್ನಡ ಮನೆಗಳಿಗೆ ಅದೇ ಎಚ್ಚರಿಕೆ ಪಿಚ್ಚಿಕುಕ್ಕ ಎಂದು ತೆಲುಗಿನಲ್ಲಿ ಬರುತ್ತದೆ. ಭಾಷೆ ಬೇರೆ, ವಿಷಾಣು ಒಂದೇ. ನೋಟೀಸು ಅರ್ಥವಾಗಲಿಲ್ಲವೆಂದು ಅದು ಯಾರನ್ನೂ ಬಿಡುವುದಿಲ್ಲ.

ಕಚ್ಚಿದ ನಾಯಿಯನ್ನು ಬಡಿದು ಕೊಂದು ಹೂಳಿಬಿಡುವುದು ನಮ್ಮ ಊರುಗಳಲ್ಲಿ ಕಂಡುಬರುವ ರೂಢಿ. ಹಾಗೆ ಮಾಡಿದರೆ ರೋಗವಿತ್ತೋ ಇಲ್ಲವೋ ಎಂಬ ಸಾಕ್ಷ್ಯವೂ ಮಣ್ಣುಪಾಲಾಗುತ್ತದೆ. ಏಕೆಂದರೆ ಆ ಸಾಕ್ಷ್ಯ ಇರುವುದು ನಾಯಿಯ ಮಿದುಳಿನಲ್ಲಿ.

1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಎಂಬವರು ರೋಗಪೀಡಿತ ಮಿದುಳಿನ ಜೀವಕೋಶಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಸಣ್ಣ ಕಣಗಳನ್ನು ಗುರುತಿಸಿದರು. ಇವೇ ‘ನೆಗ್ರಿ ಕಾಯ’ಗಳು. ಕಂಡರೆ ರೋಗವಿದೆಯೆನ್ನಬಹುದು, ಕಾಣದಿದ್ದರೆ ಇಲ್ಲವೆನ್ನುವಂತಿಲ್ಲ. ಈ ಕೊರತೆಯನ್ನು ನೀಗುವ ಪರೀಕ್ಷೆಯನ್ನು 1958ರಲ್ಲಿ ಅಮೆರಿಕದ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ರೂಪಿಸಿದರು. ಹೊಳೆಯುವ ಬಣ್ಣ ಕೂಡಿಸಿದ ಪ್ರತಿಕಾಯಗಳನ್ನು ಮಿದುಳಿನ ತೆಳು ಲೇಪದ ಮೇಲೆ ಹಾಕುತ್ತಾರೆ. ವಿಷಾಣುವಿದ್ದರೆ ಅವು ಅಂಟಿಕೊಂಡು, ತೊಳೆದರೂ ಹೋಗದೆ, ವಿಶೇಷ ಬೆಳಕಿನಲ್ಲಿ ಹಸುರಾಗಿ ಹೊಳೆಯುತ್ತವೆ. ಕೆಲವೇ ಗಂಟೆಗಳ ಕೆಲಸ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಾಗೂ ನಿಮ್ಹಾನ್ಸ್‌ಗಳಲ್ಲಿ ಇಂತಹ ಪ್ರಯೋಗಾಲಯಗಳಿವೆ.

ಆದುದರಿಂದ ಸಂಶಯದ ನಾಯಿ ಸತ್ತರೆ ಪಶುವೈದ್ಯರಿಗೆ ತಿಳಿಸಬೇಕು. ನಾವಾಗಿ ಮುಟ್ಟಬಾರದು. ತಲೆಯನ್ನು ಬೇರ್ಪಡಿಸಿ ಮಂಜುಗಡ್ಡೆಯಲ್ಲಿಟ್ಟು ಕಳುಹಿಸುವುದು ತರಬೇತಾದವರ ಕೆಲಸ. ನಾಯಿ ಬದುಕಿದ್ದು, ಅಪಾಯವಿಲ್ಲದೆ ಕಟ್ಟಿಹಾಕಲು ಸಾಧ್ಯವಾದರೆ 10 ದಿನ ಗಮನಿಸಬೇಕು. ಆ ಬಳಿಕವೂ ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವಿಷಾಣುವಿರಲಿಲ್ಲವೆಂದು ತಿಳಿಯಬಹುದು.

ಆದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾದು ಕೂರಬಾರದು. ಗಾಯವನ್ನು ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ ಹಚ್ಚುವುದು ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜತೆ ಪ್ರತಿಕಾಯದ ಚುಚ್ಚುಮದ್ದೂ ಬೇಕು. ಹೊಕ್ಕುಳ ಸುತ್ತ 14 ಸೂಜಿಯೆಂಬ ಹಿರಿಯರ ಭಯಕ್ಕೆ ಈಗ ಆಧಾರವಿಲ್ಲ. ಇಂದಿನ ಲಸಿಕೆ ತೋಳಿಗೆ, ನಾಲ್ಕೈದು ಸಲ ಮಾತ್ರ. ರೋಗಲಕ್ಷಣ ಕಾಣಿಸಿದ ಮೇಲೆ ಬದುಕುವವರು ತೀರಾ ವಿರಳ.

ನಾಯಿ ಗೀರಿದುದನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುವುದುಂಟು. ನಾವು ಶಾಲೆಯಲ್ಲಿ ಕೇಳುತ್ತೇವೆ. ಮನೆಯಲ್ಲಿ ನೀವೂ ಕೇಳಿ. ಬೈಯದೆ, ಕನ್ನಡದಲ್ಲೇ ಕೇಳಿ.